ಮಣ್ಣಿನ ಹುಂಜ

ಮಾತಾಡುವಾಗ ದನಿ ನಡುಗಿಬಿಟ್ಟರೆ? ಲಿಲಿಸ್‌ಗೆ ಇದ್ದ ಭಯ ಅದೊಂದೇ. ಕೆಲಸದ ಬಗ್ಗೆ ಭಯವಿರಲಿಲ್ಲ. ಅದನ್ನು ಹಲ್ಲು ಕಚ್ಚಿಕೊಂಡು, ಕೋಡಿನ ಒಂದೊಂದು ಸಾಲನ್ನೂ ಸವಿಯುತ್ತ ಮಾಡಿದ್ದಳು.

ಮೇಜಿನ ಮೇಲಿದ್ದ ಮಣ್ಣಿನ ಹುಂಜ ಅವಳನ್ನೇ ನೋಡುತ್ತಿತ್ತು. ಇಂಡೋನೇಷ್ಯಾದ ಬಂಡುಂಗ್‌ನ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಯಾರಿಂದ ಕೆಲಸ ಕೆಟ್ಟಿತೋ ಅವರ ಮೇಜಿಗೆ ಹುಂಜ. ಇನ್ನೊಬ್ಬರು ಕೆಡಿಸುವ ತನಕ ಅಲ್ಲೇ. ಮಳೆಗಾಲಕ್ಕೆ ಮುಂಚೆ ಒಂದು ಮದುವೆ ಸ್ಟುಡಿಯೋದ ಫೋಟೋಗಳೆಲ್ಲ ಅಳಿಸಿಹೋದಾಗ ದಾದಾನ್, ತಂಡದ ಹಿರಿಯ, ತಾನೇ ಅದನ್ನು ಎತ್ತಿ ಅವಳ ಮೇಜಿಗೆ ತಂದಿಟ್ಟಿದ್ದ. "ಫೋಲ್ಡರಿನ ಹೆಸರಿನ ಮಧ್ಯೆ ಯಾರಾದ್ರೂ ಜಾಗ ಬಿಡ್ತಾರಾ ತಂಗಿ? ಕಾಲೇಜಲ್ಲಿ ಇಷ್ಟೂ ಹೇಳಿಕೊಡಲ್ವಾ?" ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗು ಅವಳಿಗೆ ಇನ್ನೂ ಜೀರ್ಣವಾಗಿರಲಿಲ್ಲ.

ಆದರೆ ಬೇರೆ ಪ್ರೋಗ್ರಾಮುಗಳನ್ನು ಓಡಿಸುವ ಕೋಡಿನ ತುಣುಕು, ಆ ಫಂಕ್ಷನ್, ದಾದಾನನೇ ಬರೆದದ್ದು. ಆಜ್ಞೆ, ಫೋಲ್ಡರಿನ ಹೆಸರು ಎಲ್ಲವನ್ನೂ ಅದು ಒಂದೇ ಸಾಲಾಗಿ ಅಂಟಿಸುತ್ತಿತ್ತು. 'ಫೋಟೋ ಹಳತು' ಅಳಿಸು ಎಂದಾಗ ನಡುವಿನ ಖಾಲಿ ಜಾಗದಲ್ಲಿ ಹೆಸರು ಎರಡಾಗಿ ಒಡೆದು, 'ಫೋಟೋ' ಎಂಬ ಫೋಲ್ಡರೇ ಬುಡಸಮೇತ ಹೋಗಿತ್ತು.

ಅದನ್ನು ತಿದ್ದಿ ಬರೆಯುವ ಕೆಲಸ ಈಗ ಲಿಲಿಸ್ ಪಾಲಿಗೆ ಬಂದಿತ್ತು. ಅವಳ ಫಂಕ್ಷನ್ ಆಜ್ಞೆಯನ್ನು ಬೇರೆ, ಹೆಸರನ್ನು ಬೇರೆ ಕೇಳುತ್ತಿತ್ತು. ತನ್ನ ಆದಿ ಅಂತ್ಯ ತನಗೇ ಗೊತ್ತಿರುವ ಹೊಸ ಬಗೆಯ ಸ್ಟ್ರಿಂಗನ್ನಷ್ಟೇ, ಅಂದರೆ ಅಕ್ಷರಗಳ ಸರವನ್ನಷ್ಟೇ, ಒಪ್ಪುತ್ತಿತ್ತು. ಅಂಟಿಸಿದ ಸಾಲು ಕೊಟ್ಟರೆ, ಕೋಡನ್ನು ಓಡಿಸುವ ಮುಂಚೆ ಪರೀಕ್ಷಿಸುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತಿತ್ತು.

ಶುಕ್ರವಾರ ಎಲ್ಲರೂ ಬಿಸಿ ಬಾಲಾ-ಬಾಲಾ ಬಜ್ಜಿ ತಿನ್ನುತ್ತ ಗೋಡೆಯ ಪರದೆ ಮುಂದೆ ಕೂತರು. ಲಿಲಿಸ್ ಕಂಪೈಲರ್ ಓಡಿಸಿದಳು. ಹಳೇ ಕೋಡಿನಲ್ಲಿ ಅಂಟಿಸಿದ್ದ ಸಾಲುಗಳೆಲ್ಲ ತಡೆಬಿದ್ದು ಪರದೆ ಮೇಲಿಂದ ಕೆಳಗೆ ಕೆಂಪಾಯಿತು. ಕೆಟ್ಟ ಸಾಲಿನ ಪಕ್ಕದಲ್ಲೇ ಬರೆದವರ ಹೆಸರು ಕಾಣುವಂತೆ ಅವಳು ಮೊದಲೇ ಹೊಂದಿಸಿದ್ದಳು. ಎಲ್ಲ ಕಡೆಯೂ ಒಂದೇ ಹೆಸರು.

"ಅಯ್ಯೋ, ದಾದಾನಣ್ಣಂಗೆ ದಡಾರ ಎದ್ದಿದೆ ನೋಡ್ರೋ!" ಎಂದಳು ಪಕ್ಕದ ಮೇಜಿನ ಯೂಯೂನ್.

ನಗು ಎದ್ದಿತು. ದಾದಾನ್ ಕೈಯ ಬಜ್ಜಿಯನ್ನು ಕಾಗದದ ಮೇಲಿಟ್ಟ. ಕಿವಿ ಕೆಂಪಾಗಿತ್ತು.

"ಹಳೇ ಕೋಡು. ಆಗ ಎಲ್ಲರೂ ಹಂಗೇ ಬರೀತಿದ್ವಿ," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಇವನ್ನೂ ಸರಿಮಾಡಿಯೇ ತೋರಿಸಬಹುದಿತ್ತಲ್ಲ ತಂಗಿ. ಮರೆತೆಯಾ?"

ಹೂಂ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಮತ್ತೆ ಬಜ್ಜಿಗೆ ಕೈಹಾಕುತ್ತಿದ್ದರು. ಲಿಲಿಸ್ ಎದ್ದು ಹೋಗಿ ಹುಂಜವನ್ನು ತಂದು ಅವನ ಮುಂದೆ ಇಟ್ಟಳು. ಅದರ ಕೊಕ್ಕನ್ನು ಅವನ ಕಡೆಗೆ ತಿರುಗಿಸಿದಳು.

"ಮರೆತಿಲ್ಲ ಅಣ್ಣಾ." ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಸರಿಮಾಡಿ ಇಟ್ಟಿದ್ದೀನಿ. ಎಲ್ಲರೆದುರು ನಿಮಗೆ ನಾಚಿಕೆಯಾಗಲಿ ಅಂತಲೇ ಅದನ್ನು ಬಿಟ್ಟು ಹಳೇದನ್ನ ತೋರಿಸಿದೆ."