ಹನ್ನೊಂದು ಸಾಲು

"ಮುಂಡೆ, ಹತ್ತರಿಂದ ಹನ್ನೊಂದರವರೆಗೆ ಎಲ್ಲಿ ಸತ್ತಿದ್ದೆ?"

ಸೂಪರ್‌ವೈಸರ್ ಬೈದದ್ದು ನನ್ನ ಪಕ್ಕದಲ್ಲಿ ಕೆಲಸ ಮಾಡುವ ದೊಡ್ಡಕ್ಕನಿಗೆ. ಆ ಬೈಗುಳ ಸಲ್ಲಬೇಕಾದದ್ದು ನನಗೆ. ಪಾರ್ಸೆಲ್ ಶೆಡ್ಡಿನ ನಮ್ಮ ಸಾಲಿನಲ್ಲಿ ಗಂಡ ಸತ್ತವಳು ನಾನೊಬ್ಬಳೇ. ದೊಡ್ಡಕ್ಕ ಕೈಯಲ್ಲಿದ್ದ ಸ್ಕ್ಯಾನರನ್ನು ಅವನ ಮುಂದೆ ಹಿಡಿದಳು.

"ಬ್ಯಾಟ್ರಿ ಹೋಗಿತ್ತು ಸಾರ್. ಬದಲಾಯಿಸ್ಕೊಂಡು ಬಂದೆ. ಎರಡು ನಿಮಿಷ ಆಗಿರಬೇಕು."

"ಮಿಷನ್ನು ಒಂದು ಗಂಟೆ ಅಂತಿದೆ. ನಿನ್ನ ನಂಬ್ಲಾ, ಮಿಷನ್ ನಂಬ್ಲಾ?"

ಅವಳ ನಂಬರಿನ ಮುಂದೆ ಎರಡನೆಯ ಕೆಂಪು ಗುರುತು ಬಿತ್ತು. ಮೂರಾದರೆ ಗೇಟಿನ ಹೊರಗೆ. ಅವನು ಅತ್ತ ಹೋದ ಮೇಲೆ ದೊಡ್ಡಕ್ಕ ಸ್ಕ್ಯಾನರಿಗೆ ಹೇಳಿದಳು, "ನನ್ನ ಗಂಡನೂ ಇಷ್ಟು ಸುಳ್ಳು ಹೇಳಲ್ಲ ಕಣೋ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮನೆಯೋರು ಬರೆದಿದ್ದು ಏನಾಯ್ತೇ?"

ನನ್ನ ಗಂಡ ಇದೇ ಶೆಡ್ಡಿನಲ್ಲಿ ಸ್ಕ್ಯಾನರ್ ರಿಪೇರಿ ಮಾಡುತ್ತಿದ್ದ. ಬ್ಯಾಟರಿ ಬದಲಿಸಿದಾಗಲೆಲ್ಲ ಒಂದು ಗಂಟೆ ಎಲ್ಲಿಂದ ಬಂದು ಸೇರಿಕೊಳ್ಳುತ್ತದೆ ಎಂದು ಆರು ತಿಂಗಳು ಹುಡುಕಿದ. ತಪ್ಪು ಶೆಡ್ಡಿನ ತಂತ್ರಾಂಶದಲ್ಲಿರಲಿಲ್ಲ, ಅದನ್ನು ಬರೆದ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇತ್ತು. ಆ ಭಾಷೆ ಯಾರೊಬ್ಬರ ಸ್ವತ್ತೂ ಅಲ್ಲ. ತಪ್ಪು ಕಂಡವರು ಯಾರು ಬೇಕಾದರೂ ತಿದ್ದಿ ಕಳಿಸಬಹುದು ಎಂದು ಅದರ ಪುಟದ ನೆತ್ತಿಯಲ್ಲಿ ಬರೆದಿದೆ. ಅವನು ಹನ್ನೊಂದು ಸಾಲು ಬರೆದು ಕಳಿಸಿದ. ಅಲ್ಲಿ ಸೇರಿದರೆ ಸ್ಕ್ಯಾನರಿಗೆ ತಾನಾಗಿ ಬರುತ್ತದೆ, ಅಲ್ಲಿಯವರೆಗೆ ಗುರುತು ಗುರುತೇ, ಎಂದರು ಕಂಪನಿಯವರು.

ಭಾಷೆಗೆ ಏಳು ಜನರ ಸಮಿತಿಯಿದೆ. ಸೇರಿಸುವ ಅಧಿಕಾರ ಅವರದು. ಉತ್ತರ ಕೊಡುತ್ತಿದ್ದವನು ಒಬ್ಬನೇ. ಗಂಡ ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದ. ಸಾಲುಗಳ ನಡುವಿನ ಜಾಗ ಸರಿಯಿಲ್ಲ ಎಂದ ಮೇಷ್ಟ್ರು. ಗಂಡ ತಿದ್ದಿದ. ಮೊದಲು ಪ್ರಸ್ತಾವ ಬರೆಯಬೇಕಿತ್ತು ಎಂದ. ಬರೆದ. ಸಮಿತಿಯವರೊಬ್ಬರ ಶಿಫಾರಸು ಬೇಕು ಎಂದ. ನೀವೇ ಮಾಡಿ ಎಂದು ಗಂಡ ಕೇಳಿದ. ಪರಿಶೀಲಿಸುವವನು ಶಿಫಾರಸು ಮಾಡುವಂತಿಲ್ಲ ಎಂಬ ಉತ್ತರ ಬಂತು. ಉಳಿದ ಆರು ಜನ ಬಾಯಿ ತೆರೆಯಲಿಲ್ಲ.

ಮೂವತ್ತು ದಿನ ಯಾರೂ ಏನೂ ಬರೆಯದಿದ್ದರೆ ಅಲ್ಲಿ ಅರ್ಜಿ ತಾನಾಗಿ ಮುಚ್ಚಿಹೋಗುತ್ತದೆ. ಅದಕ್ಕೇ ಗಂಡ ಇಪ್ಪತ್ತೊಂಬತ್ತನೆಯ ದಿನ ಒಂದು ಸಾಲು ಬರೆಯುತ್ತಿದ್ದ: ದಯವಿಟ್ಟು ನೋಡುವಿರಾ? ಮರೆಯದಿರಲು ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಸೊನ್ನೆ ಸುತ್ತಿಡುತ್ತಿದ್ದ.

ಜ್ವರ ಬಂದು ನಾಲ್ಕನೆಯ ದಿನಕ್ಕೆ ಹೋದ. ಅವನು ಹೋದ ಹನ್ನೆರಡನೆಯ ದಿನ ಸೊನ್ನೆ ಬಂತು. ಅವನ ಪಾಸ್‌ವರ್ಡಿನಿಂದ ಒಳಗೆ ಹೋಗಿ ಅದೇ ಸಾಲು ಬರೆದೆ. ಆಮೇಲೆ ಆರು ಸಲ ಬರೆದೆ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ್ದಕ್ಕೆ ಆ ಹನ್ನೊಂದು ಸಾಲು ನನಗೆ ಅರ್ಥವಾಗುತ್ತಿತ್ತು. ಬೇರೆ ಯಾವುದಕ್ಕೂ ಆ ಓದು ಬೇಕಾಗಲಿಲ್ಲ.

ದೊಡ್ಡಕ್ಕ ಕೇಳಿದ ದಿನ ಫೋನು ತೆರೆದರೆ ಮೇಷ್ಟ್ರ ಉತ್ತರವಿತ್ತು. ಶಿಫಾರಸು ಸಿಕ್ಕಿದೆ. ಬರೆದವರು ಒಪ್ಪಂದಕ್ಕೆ ಸಹಿ ಹಾಕಿದರೆ ಸೇರಿಸಬಹುದು. ಊಟದ ಬಿಡುವಿನಲ್ಲಿ ದೊಡ್ಡಕ್ಕನಿಗೆ ಓದಿ ಹೇಳಿದೆ.

"ಹಾಕಿಬಿಡೇ ಸಹಿ," ಎಂದಳು. "ಅವರೇನು ಮನೆಗೆ ಬಂದು ನೋಡ್ತಾರಾ?"

ಅವನ ಸಹಿ ಹಾಕಲು ನನಗೆ ಕೈ ಬರಲಿಲ್ಲ. ಇದ್ದದ್ದನ್ನೇ ಬರೆದೆ. ಬರೆದವರು ತೀರಿಕೊಂಡು ಏಳು ತಿಂಗಳಾಯಿತು, ನಾನು ಅವರ ಹೆಂಡತಿ, ಸಹಿ ನಾನು ಹಾಕಬಹುದೇ.

ಎರಡೇ ದಿನಕ್ಕೆ ಉತ್ತರ ಬಂತು. ಇಷ್ಟು ಬೇಗ ಅವರು ಎಂದೂ ಉತ್ತರಿಸಿದ್ದಿಲ್ಲ. ವಿಷಾದವಿದೆ ಎಂದು ಮೊದಲ ಸಾಲು. ಬೇರೊಬ್ಬರ ಹೆಸರಿನಲ್ಲಿ ಬರೆಯುವುದು ನಡತೆಯ ನಿಯಮಕ್ಕೆ ವಿರುದ್ಧ, ಖಾತೆಯನ್ನು ತೆಗೆದುಹಾಕಿದ್ದೇವೆ, ಅರ್ಜಿಯನ್ನು ಮುಚ್ಚಿದ್ದೇವೆ ಎಂದು ಎರಡನೆಯದು. ತಿದ್ದುಪಡಿ ಬೇಕಾದವರು ತಾವೇ ಬರೆದು ಹೊಸದಾಗಿ ಕಳಿಸಬಹುದು.

ಪುಟ ತೆರೆದೆ. ಅವನ ಹೆಸರಿದ್ದ ಕಡೆಯೆಲ್ಲ ಅಳಿಸಲಾದ ಸದಸ್ಯ ಎಂದಿತ್ತು. ದಯವಿಟ್ಟು ನೋಡುವಿರಾ ಎಂದು ಅಳಿಸಲಾದ ಸದಸ್ಯ ಹದಿನಾಲ್ಕು ಸಲ ಕೇಳಿದ್ದ.

ಅತ್ತೆಗೆ ಹೇಳಿದೆ. ಅವರು ಬಟ್ಟೆ ಮಡಚುತ್ತಿದ್ದರು. ಮಗನ ಅಂಗಿಗಳನ್ನು ಈಗಲೂ ಒಗೆದು ಮಡಚಿಡುತ್ತಾರೆ. "ಬಿಟ್ಟಿ ಕೊಡ್ತೀವಿ ಅಂದ್ರೂ ಇಷ್ಟು ರಂಪಾನಾ," ಎಂದರು.

ಗುರುವಾರ ದೊಡ್ಡಕ್ಕನ ಬ್ಯಾಟರಿ ಮತ್ತೆ ಹೋಯಿತು. ಅವಳು ಬದಲಿಸಲಿಲ್ಲ. ಸತ್ತ ಸ್ಕ್ಯಾನರನ್ನೇ ಪಾರ್ಸೆಲ್‌ಗಳ ಮೇಲೆ ಹಿಡಿದು, ಬಾಯಲ್ಲಿ ಪೀಂ ಪೀಂ ಎನ್ನುತ್ತ ಕೆಲಸ ಮಾಡಿದಳು. ಸಾಲಿನವರು ನಕ್ಕರು. ಅವಳೂ ನಕ್ಕಳು. ಮುಕ್ಕಾಲು ಗಂಟೆ ಹಾಗೆ ಕಳೆಯಿತು. ಸೂಪರ್‌ವೈಸರ್ ಹಿಂದಿನಿಂದ ಬಂದು ನಿಂತಿದ್ದು ಅವಳಿಗೆ ಕಾಣಲಿಲ್ಲ. ಇನ್ನೂ ಎರಡು ಪಾರ್ಸೆಲ್‌ಗಳಿಗೆ ಪೀಂ ಎಂದಳು. ಮೂರನೆಯ ಗುರುತು ಬಿತ್ತು. ಕಂಪನಿಯ ಕೋಟು ಎಂದು ಗೇಟಿನಲ್ಲೇ ಬಿಚ್ಚಿಸಿಕೊಂಡರು. ಒಳಗೆ ಹರಿದ ಬನಿಯನ್ನಿತ್ತು. ಊಟದ ಡಬ್ಬಿಯನ್ನು ಎದೆಗೆ ಅಡ್ಡ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ನಾನು ಒಳಗಿನಿಂದ ನೋಡುತ್ತ ಸ್ಕ್ಯಾನ್ ಮಾಡುತ್ತಿದ್ದೆ. ನನ್ನ ನಂಬರಿನ ಮುಂದೆಯೂ ಎರಡು ಗುರುತಿವೆ.

ಭಾನುವಾರ ಮಧ್ಯಾಹ್ನ ನನ್ನ ಹೆಸರಿನಲ್ಲಿ ಖಾತೆ ತೆರೆದೆ. ಹನ್ನೊಂದು ಸಾಲನ್ನೂ ಎಲ್ಲೂ ನೋಡದೆ ನೆನಪಿನಿಂದಲೇ ಬರೆದೆ. ಕೊನೆಗೆ ಒಂದು ಚೌಕ ಬಂತು: ಇದು ಪೂರ್ತಿ ನನ್ನ ಸ್ವಂತ ಬರಹ, ಬೇರೆ ಯಾರದೂ ಅಲ್ಲ. ಅದನ್ನು ಒತ್ತದೆ ಮುಂದಕ್ಕೆ ಹೋಗುವಂತಿಲ್ಲ.

ಅತ್ತೆ ಬೆನ್ನ ಹಿಂದೆ ನಿಂತಿದ್ದರು. "ಅವನ ಹೆಸರು ಎಲ್ಲಿ ಬರುತ್ತೆ?"

"ಬರಲ್ಲ ಅತ್ತೆ."

"ಎಲ್ಲೂ?"

ನಾನು ಒತ್ತಿದೆ.

ಯಂತ್ರ ತಕ್ಷಣ ಉತ್ತರಿಸಿತು. ಸ್ವಾಗತ. ಇದು ನಿಮ್ಮ ಮೊದಲ ಕೊಡುಗೆ. ಹೊಸಬರ ಅರ್ಜಿ ಸರದಿಯ ಕೊನೆಯಲ್ಲಿರುತ್ತದೆ. ನಿಮ್ಮ ಮುಂದೆ ಎರಡು ಸಾವಿರದ ನೂರ ಆರು ಅರ್ಜಿಗಳಿವೆ. ನಿಯಮ ಬದಲಾಗಿದೆ, ಸಾಲುಗಳ ನಡುವಿನ ಜಾಗ ಸರಿಪಡಿಸಿ.

ಅತ್ತೆ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದು ನೆಲದ ಮೇಲೆ ಹರಡಿದರು. ಪೆನ್ಸಿಲ್ ಕೇಳಿದರು.

"ಇವತ್ತಿಂದ ತಾನೇ?"

ಒಂದೊಂದು ತಾರೀಕಿನ ಮೇಲೂ ಬೆರಳಿಟ್ಟು ಇಪ್ಪತ್ತೊಂಬತ್ತರವರೆಗೆ ಎಣಿಸಿದರು. ಸೊನ್ನೆ ಸುತ್ತಿದರು. ಕೈ ನಿಲ್ಲಿಸದೆ ಅದರ ಮೇಲೇ ಮತ್ತೆ ಸುತ್ತಿದರು, ಮತ್ತೆ ಸುತ್ತಿದರು, ಹಾಳೆ ಹರಿದು ಪೆನ್ಸಿಲ್ಲಿನ ಮೊನೆ ನೆಲಕ್ಕೆ ತಗುಲುವವರೆಗೆ.