ಮೆಟ್ಟಿಲ ಮೇಲಿನ ಕುರ್ಚಿ

ಮುಂದಿನ ಬೆಂಚಿನ ಹೆಂಗಸಿನ ಜುಟ್ಟಿನ ತುದಿ ಸೀಳಿಹೋಗಿದೆ, ಎರಡು ಬೆರಳಷ್ಟು ಕತ್ತರಿಸಿದರೆ ಸರಿಹೋದೀತು, ಪಕ್ಕದವನ ಕುತ್ತಿಗೆಯ ಹಿಂದೆ ಯಾರೋ ಕೈ ನಡುಗುವವರು ಗೆರೆ ಎಳೆದಿದ್ದಾರೆ — ಛೇ, ದೇವರ ಸನ್ನಿಧಿಯಲ್ಲೂ ಇದೇ ಬುದ್ಧಿ, ಆದರೆ ವಾರವಿಡೀ ಸಲೂನಿನಲ್ಲಿ ಕತ್ತರಿ ಹಿಡಿದು ನಿಲ್ಲುವವಳಿಗೆ ಭಾನುವಾರ ಒಂದು ದಿನ ಬೇರೆ ಕಣ್ಣು ಎಲ್ಲಿಂದ ಬರಬೇಕು, ಕರ್ತನೇ, ಒಬ್ಬೊಬ್ಬರ ತಲೆಗೂದಲಿನ ಲೆಕ್ಕವೂ ನಿನ್ನ ಹತ್ತಿರ ಇದೆಯಂತೆ, ಹಾಗಾದರೆ ನೀನೂ ನಮ್ಮ ಕಸುಬಿನವನೇ ಅನ್ನು. ಅವಳಿಗೆ ನಗು ಬಂತು, ಪಕ್ಕದಲ್ಲಿ ಗಂಡ ಮೊಣಕೈಯಿಂದ ತಿವಿದ, ವೇದಿಕೆಯ ಮೇಲೆ ಅವನ ಅಣ್ಣ ಕೈಯೆತ್ತಿ ಮಾತಾಡುತ್ತಿದ್ದಾನೆ, ಮನೆಯಲ್ಲಿ ಭಾವ, ಇಲ್ಲಿ ಸಭಾಪಾಲಕರು, ಮೈಕಿನ ಮುಂದೆ ಬಂದರೆ ಭಾವನ ದನಿಗೆ ಇನ್ನೊಂದು ತೂಕ ಕೂಡುತ್ತದೆ, ತಮ್ಮ ಕೈಕೆಲಸವನ್ನು ನೆಚ್ಚಿಕೊಂಡವರು ಕೃಪೆಯನ್ನು ಕೀಳು ಮಾಡುತ್ತಾರೆ ಪ್ರಿಯರೇ, ನಂಬಿಕೆ ಮೊದಲು, ನಂಬಿಕೆ ನಡುವೆ, ನಂಬಿಕೆ ಕೊನೆ — ಹೆಸರು ಹೇಳದೆ ಬೈಯುವುದು ಅಂದರೆ ಇದೇ, ಇಡೀ ಸಭೆಗೆ ಬಡಿಸಿದ್ದು, ಎಲೆ ಮಾತ್ರ ಅವಳದ್ದು.

ನಿನ್ನೆ ಸಂಜೆ ಭಾವ ಮನೆಗೇ ಬಂದಿದ್ದ, ಕೊಟ್ಟ ನೀರನ್ನೂ ಮುಟ್ಟದೆ, ನೋಡಮ್ಮ, ನಾಳೆಯಿಂದ ಆ ಕುರ್ಚಿ ಚರ್ಚಿನ ಮೆಟ್ಟಿಲ ಮೇಲೆ ಇರಬಾರದು, ಜನ ಆರಾಧನೆಗೆ ಬರೋ ಬಾಗಿಲು ಅದು. ಎದುರಿನ ಆಶ್ರಯಮನೆಯ ಮುದುಕಿಯರಿಗೆ ಭಾನುವಾರ ಬೆಳಗ್ಗೆ ಅಲ್ಲೇ ಕೂದಲು ಕತ್ತರಿಸುತ್ತಾಳೆ ಅವಳು, ಅಲ್ಲಿ ಬೆಳಕಿದೆ, ನಲ್ಲಿ ಇದೆ, ಅವಳಿಗೆ ರಜೆ ಇರುವುದೂ ಅವತ್ತೊಂದೇ ದಿನ, ಇದರಲ್ಲಿ ತಪ್ಪೇನು ಭಾವ? ಹೇನು ಬಿದ್ದ ತಲೆಗಳಮ್ಮ, ನಾಲ್ಕು ಜನ ದೂರು ಹೇಳಿದ್ದಾರೆ, ಮತ್ತೆ ಇಂಥದ್ದರಿಂದ ರಕ್ಷಣೆ ಸಿಗುತ್ತೆ ಅಂತ ನೀನು ಅಂದ್ಕೊಂಡಿದ್ರೆ — ಅಲ್ಲಿ ಅವಳಿಗೆ ರೇಗಿತು, ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ, ಸ್ವರ್ಗಕ್ಕೆ ಅಂತ ಯಾರು ಕತ್ತರಿಸಿದ್ರು ಭಾವ, ಅವರಿಗೆ ತುರಿಸ್ತಿತ್ತು, ಅದಕ್ಕೆ ಕತ್ತರಿಸಿದೆ. ಗಂಡ ಚಾವಣಿ ನೋಡಿದ, ಅಣ್ಣನಿಗೂ ಹೆಂಡತಿಗೂ ಮಾತು ಬಂದಾಗಲೆಲ್ಲ ಅವನಿಗೆ ಚಾವಣಿಯಲ್ಲಿ ಏನೋ ಕಾಣಿಸುತ್ತದೆ.

ಮತ್ತು ಅಕ್ಕ — ಓರಗಿತ್ತಿಯಾದರೂ ಮದುವೆಯಾಗಿ ಬಂದ ದಿನದಿಂದ ಅಕ್ಕ ಎಂದೇ ಕರೆದದ್ದು — ಅಲ್ಲಿ ಮೊದಲ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಾಳೆ, ತಲೆಗೆ ಬಿಗಿದ ನೀಲಿ ಸ್ಕಾರ್ಫು, ಈಚೆಗೆ ಅದನ್ನು ಅಡುಗೆಮನೆಯಲ್ಲೂ ಬಿಚ್ಚುವುದಿಲ್ಲ, ಸಭಾಪಾಲಕರ ಹೆಂಡತಿಯ ಭಕ್ತಿ ಜಾಸ್ತಿಯಾಯಿತೇನೋ ಅಂದುಕೊಂಡು ಅವಳು ಒಳಗೊಳಗೇ ಮೂಗು ಮುರಿದದ್ದೂ ಉಂಟು. ಅಕ್ಕನ ಎದೆಯಲ್ಲಿ ಗಂಟು ಅಂದರು ಡಾಕ್ಟರು, ಎಲ್ಲರೂ ಉಪವಾಸವಿದ್ದು ಪ್ರಾರ್ಥಿಸಿದರು, ಅವಳೂ ಮೊಣಕಾಲೂರಿ ಅತ್ತಳು, ಆಮೇಲೆ ಒಂದು ಭಾನುವಾರ ಭಾವ ಇದೇ ಮೈಕಿನಲ್ಲಿ ಸಾಕ್ಷಿ ಹೇಳಿದ, ನನ್ನ ಹೆಂಡತಿ ವಾಸಿಯಾದಳು, ಔಷಧಿಯಿಲ್ಲದೆ, ಬರೀ ನಂಬಿಕೆಯಿಂದ, ಜನ ಎದ್ದು ನಿಂತು ಆಮೆನ್ ಅಂದರು, ಅವಳ ಆಮೆನ್ನೇ ಎಲ್ಲಕ್ಕಿಂತ ಜೋರು. ಅಕ್ಕ ಮಾತ್ರ ತಲೆ ತಗ್ಗಿಸಿ ಕೂತಿದ್ದಳು, ನಾಚಿಕೆ ಇರಬೇಕು ಅಂದುಕೊಂಡದ್ದು.

ಕಿಟಕಿಯಾಚೆ ಆಶ್ರಯಮನೆಯ ಅಜ್ಜಿ ಬಂದೇಬಿಟ್ಟಿದ್ದಾಳೆ, ಕೆಳಗಿನ ಮೆಟ್ಟಿಲ ಮೇಲೆ ಮುದುರಿ ಕೂತು ತಲೆಗೆ ಎರಡೂ ಕೈ ಹಾಕಿ ಪರಪರ ಕೆರೆಯುತ್ತಿದ್ದಾಳೆ, ಇವತ್ತು ಇಲ್ಲ ಅಂತ ಯಾರೂ ಹೇಳಲಿಲ್ಲವೇ, ಯಾರು ಹೇಳುತ್ತಾರೆ, ಹೇಳಬೇಕಾದವಳು ತಾನೇ — ಹೋಗಜ್ಜಿ, ಒಳಗೆ ನಂಬಿಕೆಯ ವಿಷಯ ನಡೀತಿದೆ, ನೀನು ಕೆರ್ಕೊಂಡೇ ಇರು ಅಂತ ಹೇಳಬೇಕೇ, ಯಾವ ಬಾಯಲ್ಲಿ? ಕರ್ತನೇ, ನಿನ್ನನ್ನು ನಂಬಿದ್ದೇನೆ, ಅದರಲ್ಲಿ ಅನುಮಾನವಿಲ್ಲ, ಆದರೆ ನಂಬಿ ಸುಮ್ಮನೆ ಕೂತಿರುವುದು ನನ್ನಿಂದ ಆಗುವುದಿಲ್ಲ, ಬೇಕಾದರೆ ಬೈದುಕೋ. ಎದ್ದಳು. ಗಂಡ ತೋಳು ಹಿಡಿದ, ಕೂತ್ಕೋ, ಎಲ್ಲರೂ ನೋಡ್ತಿದ್ದಾರೆ, ನೋಡಲಿ ಬಿಡಿ, ಚಾವಣಿಗಿಂತ ನಾನೇ ವಾಸಿ, ಮತ್ತು ನಡುದಾರಿಯಲ್ಲಿ ಅವಳ ಚಪ್ಪಲಿ ಚಟ್ ಚಟ್ ಅನ್ನುತ್ತದೆ, ಮೈಕಿನ ದನಿ ಒಂದು ಮಾತಿನ ಮಧ್ಯೆ ಎಡವಿ ಮತ್ತೆ ಎದ್ದು ಮೊದಲಿಗಿಂತ ಜೋರಾಗುತ್ತದೆ, ಆಗಲಿ.

ಬಾಗಿಲ ಹಿಂದಿನಿಂದ ಕುರ್ಚಿ ಎಳೆದು ಅದೇ ಮೆಟ್ಟಿಲ ಮೇಲೆ, ಅದೇ ಬಾಗಿಲೆದುರು ಹಾಕಿದಳು, ಚೀಲದಿಂದ ಕೂದಲು ಕತ್ತರಿಸುವ ಬ್ಯಾಟರಿ ಮಷಿನ್ ತೆಗೆದಳು, ಅಜ್ಜಿಯ ಹೆಗಲಿಗೆ ಬಟ್ಟೆ ಹೊದಿಸಿದಳು, ಗಂಟುಗಂಟಾದ ಕೂದಲು ಉಂಡೆಯಾಗಿ ಬೀಳುತ್ತಿದೆ, ಅಬ್ಬಾ ತಣ್ಣಗಾಯ್ತು ಮಗಳೇ ಅನ್ನುತ್ತಾಳೆ ಅಜ್ಜಿ, ಒಳಗಿನ ಯಾವ ಹಲ್ಲೆಲೂಯಕ್ಕೂ ಕಡಿಮೆಯಿಲ್ಲದ ದನಿಯಲ್ಲಿ, ಈಗ ಭಾವ ಬರಲಿ, ಏನು ಹೇಳಬೇಕೆಂದು ಸಾಲುಸಾಲಾಗಿ ಸಿದ್ಧವಿದೆ — ಬೆನ್ನ ಹಿಂದೆ ಹೆಜ್ಜೆ. ತಿರುಗಿದರೆ ಭಾವನಲ್ಲ, ಅಕ್ಕ. ನಂದೂ ತೆಗೆದುಬಿಡೇ ಅಂದಳು, ಸ್ಕಾರ್ಫಿನ ಗಂಟು ಬಿಚ್ಚಿದಳು, ಒಳಗೆ ಅಲ್ಲೊಂದು ಇಲ್ಲೊಂದು ಎಳೆ, ನಡುನಡುವೆ ಬರೀ ಚರ್ಮ. ಅಕ್ಕಾ, ಇದು — ಆಸ್ಪತ್ರೆಗೆ ಹೋಗ್ತಾನೇ ಇದ್ದೀನಿ, ಗಂಟಿಗೆ ಕೀಮೋ ಡ್ರಿಪ್ ಹಾಕ್ತಾರೆ, ಸಭೆಯವರ ನಂಬಿಕೆ ಕುಂದುತ್ತೆ, ಹೇಳಬೇಡ ಅಂದ್ರು ಇವರು, ದಿಂಬಿನ ತುಂಬ ಉದುರುತ್ತೆ, ದಿನಾ ಇವರಿಗೆ ಎಚ್ಚರ ಆಗೋ ಮೊದಲೇ ಗುಡಿಸಿಹಾಕ್ತೀನಿ, ಸಾಕಾಯ್ತು. ಅರ್ಧ ಬೋಳಾದ ಅಜ್ಜಿ ತಾನೇ ಎದ್ದಳು, ಕೂತ್ಕೋ ಮಗಳೇ, ನಂದೇನು ಎಲ್ಲಿಗೂ ಓಡಲ್ಲ.

ಬ್ಲೇಡು ಬದಲಿಸಿದಳು, ಇದು ಕೆಲಸ, ಇದು ಪ್ರಾರ್ಥನೆ, ಎರಡರಲ್ಲಿ ಯಾವುದೋ ಒಂದು, ಮಷಿನ್ ಮೆಲ್ಲಗೆ ಹಣೆಯಿಂದ ಹಿಂದಕ್ಕೆ, ಮತ್ತೆ ಹಣೆಯಿಂದ ಹಿಂದಕ್ಕೆ, ಆಗ ಎಡಗಿವಿಯ ಮೇಲೆ ಕಂಡಿತು, ಹೆಬ್ಬೆರಳ ಉಗುರಿನಷ್ಟು ಕೆಂಪು ಮಚ್ಚೆ, ಇಷ್ಟು ವರ್ಷ ಕೂದಲ ಕೆಳಗೆ ಕೂತಿದ್ದದ್ದು. ಒಳಗೆ ಪ್ರಸಂಗ ನಿಂತಿದೆ, ಮೈಕ್ ಮಾತ್ರ ಗುಂಯ್ ಅನ್ನುತ್ತಿದೆ, ಬಾಗಿಲಲ್ಲಿ ಭಾವ, ಅವನ ಹಿಂದೆ ತಲೆಗಳು, ತಲೆಗಳ ಹಿಂದೆ ತಲೆಗಳು, ಏನೇ ಇದು, ಕಟ್ಕೋ ಆ ಸ್ಕಾರ್ಫನ್ನ, ಒಳಗೆ ಬಾ. ಅಕ್ಕ ಕಣ್ಣು ಮುಚ್ಚಿಕೊಂಡೇ ಬಿಸಿಲಿಗೆ ಮುಖವೆತ್ತಿ, ಸೆಕೆ ರೀ ಅಂದಳು. ಇವಳು ಮಷಿನ್ ನಿಲ್ಲಿಸಲಿಲ್ಲ, ನಿಲ್ಲಿಸುವುದಿಲ್ಲ. ಭಾವ ಒಂದು ಮೆಟ್ಟಿಲು ಇಳಿದ, ಆ ಮಚ್ಚೆ ನೋಡಿದ, ಮೈಕಿನ ದನಿಯಲ್ಲ ಅದು, ಹೆದರಿದ ಗಂಡಸಿನ ದನಿ, ಇದೇನಿದು, ಇಲ್ಲಿ ಕೆಂಪಗೆ, ಇದು ಯಾವಾಗ ಬಂತು? ಹುಟ್ಟಿದಾಗಿಂದ ಇದೆ, ಅಂದಳು ಅಕ್ಕ, ನೀವು ಇವತ್ತು ನೋಡ್ತಿದ್ದೀರಿ. ಕೊನೆಯ ಎಳೆ ಬಿತ್ತು, ಇನ್ನು ಕತ್ತರಿಸಲು ಏನೂ ಇಲ್ಲ, ಎಡಗಿವಿಯ ಮೇಲೆ, ಬಿಸಿಲಲ್ಲಿ, ಆ ಕೆಂಪು ಮಚ್ಚೆ —