ಬಲೆಯ ಹಿತ್ತಲು

ನಾಸಿರ ಬೆಕ್ಕನ್ನು ತನ್ನ ಟವೆಲಿನಲ್ಲಿ ಸುತ್ತಿಕೊಂಡು ಒಳಗೆ ಬಂದಾಗ ಬೇಗಂಬಿ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದಳು. ಬಾಲದ ತುದಿ ಮಾತ್ರ ಟವೆಲಿನ ಹೊರಗಿತ್ತು. ಅದರಿಂದ ರಕ್ತ ಸುರಿಯುತ್ತಿತ್ತು.

“ಕಬ್ಬಿನ ಟ್ರ್ಯಾಕ್ಟರ್, ಆಪಾ. ಬಾಲದ ಮ್ಯಾಲ ಹೋತು. ಒಂದ ಗೇಣು ಹಿಂದ ಉಳದಿದ್ರ ಇದನ್ನ ನಿನ್ನ ಹಂತೇಕ ತರ್ತಿದ್ದಿಲ್ಲ ನಾನು.”

ಬೇಗಂಬಿ ಎರಡೂ ಕೈ ಚಾಚಿ ತಮ್ಮನಿಂದ ಬೆಕ್ಕನ್ನು ಇಸಿದುಕೊಂಡಳು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಕಟ್ಟಿ ಮುಗಿಯುವ ಮೊದಲೇ ಬೆಕ್ಕು ಅವಳ ಮಡಿಲಿನಿಂದ ಮುಖ ತಿರುಗಿಸಿ ಬಾಗಿಲ ಕಡೆ ನೋಡತೊಡಗಿತು.

ಬೆಕ್ಕು ಅವಳ ಗಂಡ ಹಜರತಸಾಬನದು. ಮುನವಳ್ಳಿಯಲ್ಲಿ ಗಾದಿ ಹೊಲಿಯುವ ಅಂಗಡಿ ಅವನದು. ಎಂಟು ವರ್ಷದ ಹಿಂದೆ ಹತ್ತಿಯ ಅಂಡಿಗೆ ಬಿಚ್ಚಿದಾಗ ಒಳಗೆ ಬದಾಮಿ ಬಣ್ಣದ ಮರಿಯೊಂದು ಮಲಗಿತ್ತು. ಬದಾಮಿ ಎಂದೇ ಅದಕ್ಕೆ ಹೆಸರಾಯಿತು. ಅಂದಿನಿಂದ ಅದು ಅವನ ಕಾಲು ಬಿಡಲಿಲ್ಲ. ಐದು ಹೊತ್ತೂ ಅವನ ಹಿಂದೆ ರಸ್ತೆ ದಾಟಿ ಮಸೀದಿಗೆ ಹೋಗುವುದು, ಅವನು ಹೊರಗೆ ಬರುವ ತನಕ ಬಿಟ್ಟ ಚಪ್ಪಲಿಯ ಮೇಲೆ ಕೂತಿರುವುದು. “ಹಜರತಸಾಬನ ಕಾಲ್ಮರಿ ಎಂದೂ ಕಳುವಾಗೂದಿಲ್ಲ ನೋಡ್ರಿ, ಪಾರೇಕ ಕುಂತೈತಿ” ಎಂದು ಜನ ನಗುತ್ತಿದ್ದರು. ಹಜರತಸಾಬ ತೀರಿಕೊಂಡು ಈಗ ಎರಡು ತಿಂಗಳು. ಬೇಗಂಬಿ ಇದ್ದತ್ ಕುಳಿತಿದ್ದಳು. ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟುವ ಹಾಗಿರಲಿಲ್ಲ.

“ಅದು ಸುಮ್ಮ ತಿರಗ್ಯಾಡಾಕ ಹೋಗೂದಿಲ್ಲ, ಆಪಾ,” ಎಂದ ನಾಸಿರ. “ನಲವತ್ತನೇ ದಿನಾ ಭಾವಾನ ಚಪ್ಲಿ ಯಾರಿಗೆ ಕೊಟ್ಟಿ?”

“ಮಸೂತ್ಯಾಗ ನೀರು ತುಂಬೋ ಮೋದಿನಸಾಬ ಚಾಚಾಗ. ಯಾಕ?”

“ಅವರು ಅವನ್ನ ಮೆಟ್ಟಿಕೊಂಡು ಬರ್ತಾರಲಾ. ಇದು ಐದೂ ಹೊತ್ತು ಹೋಗಿ ಅದರ ಮ್ಯಾಲ ಕುಂಡ್ರತೈತಿ. ಅವರು ಹೊರಗ ಬಂದ್ರ ಮಾರಿ ನೋಡಿ ಎದ್ದು ಬರತೈತಿ.”

ಬೇಗಂಬಿ ಬಾಲದ ಬಟ್ಟೆಯ ಗಂಟನ್ನು ಮತ್ತೊಮ್ಮೆ ಬಿಗಿದಳು.

“ನಾ ಹೋಗಿ ಇಸಗೊಂಡು ಬರ್ಲೇನು? ಹೊಸಾ ಜೋಡು ಕೊಟ್ರ ಮುದುಕ ಬ್ಯಾಡ ಅನ್ನೂದಿಲ್ಲ.”

“ಬ್ಯಾಡ. ಅಲ್ಲಾನ ಹೆಸರಿಲೆ ಕೊಟ್ಟದ್ದು. ಕೊಟ್ಟದ್ದನ್ನ ತಿರುಗಿ ಕೇಳಬಾರ್ದು.”

ಅಂದಿನಿಂದ ಅವಳು ಬೆಕ್ಕನ್ನು ಹೊರಗೆ ಬಿಡಲಿಲ್ಲ. ರಸ್ತೆ ಅಗಲ ಮಾಡಿದ ಮೇಲೆ ಬಂಡಿಗಳಿಗೆ ಹಿಡಿತವೇ ಇರಲಿಲ್ಲ. ಮನೆಯಲ್ಲಿ ಗಂಡನ ಕೈ ಸೋಕಿದ ಜೀವವೆಂದರೆ ಇದೊಂದೇ. ಇದನ್ನೂ ಮಣ್ಣಿಗೆ ಕಳಿಸಲು ಅವಳಿಗೆ ಶಕ್ತಿಯಿರಲಿಲ್ಲ. ಆದರೆ ಬದಾಮಿ ಹಾಲು ಮುಟ್ಟಲಿಲ್ಲ. ಮಸೀದಿಯ ಬಾಂಗ್ ಕೇಳಿದೊಡನೆ ಬಾಗಿಲು ಕೆರೆಯುವುದು, ಒದರುವುದು. ಮೂರನೆಯ ದಿನ ಒದರುವುದನ್ನೂ ಬಿಟ್ಟು ಬಾಗಿಲ ಸಂದಿಗೆ ಮೂಗು ಹಚ್ಚಿ ಮಲಗಿತು.

ಪಕ್ಕದ ಮನೆಯ ಶೆಟ್ಟೆವ್ವ ಹಿತ್ತಲ ಗೋಡೆಯ ಮೇಲಿಂದ ಇಣುಕಿ ನೋಡಿದಳು. “ನೀ ಒಬ್ಬಾಕಿ ಕುಂತಿದ್ದು ಸಾಲಲಿಲ್ಲ ಅಂತ ಬೆಕ್ಕಿಗೂ ಇದ್ದತ್ ಕುಂಡ್ರಿಸಿದಿ ಏನ, ಬೇಗಂಬಿ?”

“ನನಗ ದಿನಾ ಎಣಸಾಕ ಬರತೈತಿ, ಶೆಟ್ಟೆವ್ವಾ. ಅದಕ್ಕ ಬರೂದಿಲ್ಲ,” ಎಂದಳು ಬೇಗಂಬಿ. ಅವಳ ಕಣ್ಣು ತುಂಬಿದ್ದವು.

ಶೆಟ್ಟೆವ್ವ ಹಿತ್ತಲನ್ನು ಒಮ್ಮೆ ಅಳೆದು ನೋಡಿದಳು. ಮೂರು ಕಡೆ ಎದೆಯೆತ್ತರದ ಗೋಡೆ, ಒಂದು ನುಗ್ಗೆ ಗಿಡ, ಬಟ್ಟೆ ಒಗೆಯುವ ಕಲ್ಲು, ಓಣಿಯ ಕಡೆಗೊಂದು ಸಣ್ಣ ಬಾಗಿಲು. “ನಮ್ಮ ಲಗಮಣ್ಣನ ಹಳೇ ಮೀನಿನ ಬಲಿ ಅದಾವು. ಮ್ಯಾಲ ಹೊಚ್ಚಿಬಿಟ್ರ ಬಿಸಲೂ ಬರತೈತಿ, ಗಾಳೀನೂ ಬರತೈತಿ. ಬೆಕ್ಕು ಹೋಗೂದಿಲ್ಲ, ನಾಯಿ ಬರೂದಿಲ್ಲ.”

ಶೆಟ್ಟೆವ್ವನ ಮಗ ಲಗಮಣ್ಣ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಮರುದಿನ ಮುಂಜಾನೆ ಅವನು ತಮ್ಮ ಹಿತ್ತಲಲ್ಲೇ ಏಣಿ ಹಾಕಿಕೊಂಡು ನಿಂತ. ಪರಗಂಡಸು ಇದ್ದತ್ ಮನೆಯೊಳಗೆ ಬರುವ ಹಾಗಿಲ್ಲ. ಬೇಗಂಬಿ ಅಡುಗೆಮನೆಯ ಪರದೆಯ ಹಿಂದೆ ನಿಂತಳು. ನಡುವೆ ಒಗೆಯುವ ಕಲ್ಲಿನ ಮೇಲೆ ಶೆಟ್ಟೆವ್ವ ಕುಳಿತಳು.

“ಬಲಿ ಅಂಚು ಒಳಗ ಬಾಗಿರಲಿ. ಸಂದಿ ಉಳದ್ರ ನುಸುಳಿ ಹೋಗತೈತಿ,” ಎಂದಿತು ಪರದೆ.

“ಒಳಗ ಬಾಗಿರಲಿ ಅಂತೋ,” ಎಂದಳು ಶೆಟ್ಟೆವ್ವ.

“ಕೇಳಿಸ್ತಬೇ ಯವ್ವಾ. ನಾ ಏನು ಕಿವುಡ ಅದೀನೇನು?”

“ಕೇಳಿದ್ರೂ ನಾ ಹೇಳಿದ ಮ್ಯಾಲೇ ಕೇಳಬೇಕು. ಇದ್ದತ್‌ನಾಗ ಇರೋ ಹೆಣಮಗಳ ಮಾತು ನೇರ ಬಂದು ನಿನ್ನ ಕಿವಿಗೆ ಬೀಳಬಾರ್ದು.”

ಹಾಗೆಂದು ಯಾವ ಮೌಲವಿಯೂ ಹೇಳಿರಲಿಲ್ಲ. ನಿಯಮ ಶೆಟ್ಟೆವ್ವನದೇ.

“ಹಂಗಾರ ಅಕ್ಕಾರಿಗೆ ಕೇಳಬೇ, ಬಿದರಿನ ಗಳಾ ಯಾವ ಮೂಲ್ಯಾಗ ಕಟ್ಟಲಿ?”

“ಬೇಗಂಬಿ, ಗಳಾ ಯಾವ ಮೂಲ್ಯಾಗ ಅಂತ ಕೇಳ್ತಾನ ನೋಡವಾ, ನಿನಗ ಕೇಳಿಸಿಲ್ಲ.”

ಪರದೆಯ ಹಿಂದೆ ಬೇಗಂಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡು ತಿಂಗಳಲ್ಲಿ ಅವಳಿಗೆ ನಗು ಬಂದದ್ದು ಅದೇ ಮೊದಲು. ನಕ್ಕಿದ್ದಕ್ಕೆ ಮನಸ್ಸಿನಲ್ಲೇ ತೋಬಾ ಹೇಳಿಕೊಂಡಳು. ಮತ್ತೆ ನಗು ಬಂತು.

ಮಧ್ಯಾಹ್ನ ಕೆಲಸ ಮುಗಿದು ಬದಾಮಿಯನ್ನು ಹೊರಗೆ ಬಿಟ್ಟರು. ಅದು ಬಿಸಿಲನ್ನೂ ನೋಡಲಿಲ್ಲ, ನುಗ್ಗೆ ಗಿಡವನ್ನೂ ನೋಡಲಿಲ್ಲ. ನೇರ ಗೋಡೆ ಹತ್ತಿ ಬಲೆಯ ಗಂಟುಗಳನ್ನು ನೆಕ್ಕತೊಡಗಿತು. ಲಗಮಣ್ಣ ಬಲೆಯನ್ನು ತೊಳೆದೇ ಇರಲಿಲ್ಲ. ಸಂಜೆಯೊಳಗೆ ಓಣಿಯ ಬೆಕ್ಕುಗಳೆಲ್ಲ ಗೋಡೆಯ ಮೇಲೆ ಸಾಲಾಗಿ ಕೂತು ಆಚೆ ಕಡೆಯಿಂದ ನೆಕ್ಕುತ್ತಿದ್ದವು.

“ತೊಳದು ತಾ ಅಂದಿದ್ನೋ ಇಲ್ಲೋ, ಮೂಳಾ! ಊರ ಬೆಕ್ಕಿಗೆಲ್ಲಾ ಪಂಗ್ತಿ ಹಾಕ್ಸಿದೆಲ್ಲೋ,” ಎಂದು ಶೆಟ್ಟೆವ್ವ ಮಗನನ್ನು ಬೈದಳು.

“ಮೂರು ದಿನಾ ಉಪಾಸ ಇತ್ತಂದಿ. ಹಂಗಾದ್ರೂ ಬಾಯಿ ತಗೀತೋ ಇಲ್ಲೋ?” ಎಂದ ಲಗಮಣ್ಣ.

ಅದು ನಿಜ. ಬಲೆ ನೆಕ್ಕಿ ನೆಕ್ಕಿ ಬಾಯಿ ರುಚಿಯಾಗಿ ಬದಾಮಿ ಅಂದು ಸಂಜೆ ಒಂದು ಬಟ್ಟಲು ಹಾಲನ್ನ ತಿಂದಿತು. ಮರುದಿನ ಬಲೆಯನ್ನು ಬಿಚ್ಚಿ, ಸೋಡಾ ಹಾಕಿ ಕುದಿಸಿ, ಮತ್ತೆ ಕಟ್ಟಿದರು.

ದಿನಗಳು ಹೋದವು. ಬಾಲದ ಗಾಯ ಮಾಯಿತು. ಬದಾಮಿ ನುಗ್ಗೆ ಗಿಡ ಹತ್ತುವುದು, ಬಲೆಯ ಮೇಲೆ ಕೂತ ಗುಬ್ಬಿಗಳಿಗೆ ಹಲ್ಲು ಕಟಕಟಿಸುವುದು, ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಮೈ ಚಾಚುವುದು. ಬೇಗಂಬಿ ಅಲ್ಲೇ ಕೂತು ಅಕ್ಕಿ ಆರಿಸುವಳು. ಆದರೆ ಬಾಂಗ್ ಕೇಳಿದೊಡನೆ ಅದು ಎಲ್ಲಿದ್ದರೂ ಎದ್ದು ರಸ್ತೆಯ ಕಡೆಯ ಮೂಲೆಗೆ ಹೋಗಿ, ಗೋಡೆ ಹತ್ತಿ ಬಲೆಗೆ ಮುಖ ಹಚ್ಚಿ ನಿಲ್ಲುತ್ತಿತ್ತು. ಜನ ನಮಾಜು ಮುಗಿಸಿ ಚದುರುವ ತನಕ ಕದಲುತ್ತಿರಲಿಲ್ಲ. ಬೇಗಂಬಿ ಹಿತ್ತಲ ಬಾಗಿಲಲ್ಲೇ ಚಾಪೆ ಹಾಸಿ ನಮಾಜು ಮಾಡತೊಡಗಿದಳು. ದುವಾಕ್ಕೆ ಕೈ ಎತ್ತಿದಾಗ ಆ ಮೂಲೆ ಕಣ್ಣಿಗೆ ಬೀಳುತ್ತಿತ್ತು. ಕೇಳುವುದೇನೆಂದು ತಿಳಿಯದೆ ಅವಳು ಬೆಕ್ಕಿನ ಸಲುವಾಗಿಯೂ ಒಂದು ಮಾತು ಕೇಳುತ್ತಿದ್ದಳು.

ಇದ್ದತ್ ಮುಗಿದ ದಿನ ನಾಸಿರ ತನ್ನ ಟಂಟಂ ಆಟೋ ತಂದು ಓಣಿಯಲ್ಲಿ ನಿಲ್ಲಿಸಿದ. ಬೇಗಂಬಿ ಅಟ್ಟದ ಮೇಲಿನಿಂದ ತನ್ನ ಚಪ್ಪಲಿ ಇಳಿಸಿದಳು. ಧೂಳು ಹಿಡಿದು ಸೆಟೆದುಕೊಂಡಿದ್ದವು. ಒರೆಸಿ ಮೆಟ್ಟಿಕೊಂಡು ಹೊಸ್ತಿಲು ದಾಟಿದಾಗ ಕಾಲು ತನ್ನವಲ್ಲವೆನ್ನಿಸಿತು. ಕಬರಸ್ತಾನದ ಗೋಡೆಯ ಹೊರಗೆ ನಿಂತು ಫಾತಿಹಾ ಓದಿದಳು. ಹೊಸ ಮಣ್ಣಿನ ದಿಬ್ಬ ಅಲ್ಲಿಂದಲೇ ಕಾಣುತ್ತಿತ್ತು. ಅದರ ಮೇಲೆ ಆಗಲೇ ಹುಲ್ಲು ಹುಟ್ಟಿ ಒಣಗಿತ್ತು.

ತಿರುಗಿ ಬಂದಾಗ ಅಸರ್ ಹೊತ್ತು. ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಚಿಲಕ ಹಾಕಿ, ಚಪ್ಪಲಿಯನ್ನು ಒಗೆಯುವ ಕಲ್ಲಿನ ಪಕ್ಕ ಬಿಟ್ಟಳು. ಅಂಚಿಗೆ ಕಬರಸ್ತಾನದ ಗೋಡೆಯ ಬುಡದ ಮಣ್ಣು ಮೆತ್ತಿತ್ತು. ಕೈಕಾಲು ತೊಳೆಯುವಷ್ಟರಲ್ಲಿ ಬಾಂಗ್ ಆಯಿತು. ಬದಾಮಿ ಎದ್ದು ತನ್ನ ಮೂಲೆಗೆ ಹೊರಟಿತು. ಅವಳು ಚಾಪೆ ಹಾಸಿ ನಿಂತಳು.

ನಮಾಜಿನ ಕೊನೆಗೆ ಬಲಕ್ಕೆ ಮುಖ ತಿರುಗಿಸಿ ಸಲಾಮು ಹೇಳಿದಳು. ರಸ್ತೆಯ ಕಡೆಯ ಮೂಲೆಯಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ತಿರುಗಿಸಿ ಸಲಾಮು ಹೇಳಿದಳು. ಕಲ್ಲಿನ ಪಕ್ಕದಲ್ಲಿ, ಅವಳ ಎರಡೂ ಚಪ್ಪಲಿಗಳ ಮೇಲೆ ನಾಲ್ಕು ಕಾಲನ್ನೂ ಹೊಟ್ಟೆಯ ಕೆಳಗೆ ಮಡಚಿಕೊಂಡು ಬದಾಮಿ ಕೂತಿತ್ತು. ಬಲೆಯ ನೆರಳು ಅದರ ಬೆನ್ನಿನ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಬೇಗಂಬಿ ಅಂದು ಚಾಪೆ ಮಡಚಲು ಬಹಳ ತಡ ಮಾಡಿದಳು.